ಹೆಸರು ಅಳಿಸುವ ವಿದ್ವತ್ತು

ಕೊಳ್ಳೇಗಾಲ, ಹನೂರು, ಯಳಂದೂರುಗಳ ಬೆಟ್ಟಗಳನ್ನು ಎಷ್ಟು ಅಗೆದರೂ ಒಂದು ಟ್ರೈಲೋಬೈಟಿನ ಪಳೆಯುಳಿಕೆಯೂ ದೊರೆಯಲಾರದು. ಬಿಳಿಗಿರಿರಂಗನ ಬೆಟ್ಟದ ಕಲ್ಲು ಭೂಗರ್ಭದ ಬೇಗೆಯಲ್ಲಿ ಬೆಂದು ರೂಪಾಂತರಗೊಂಡೇ 250 ಕೋಟಿ ವರ್ಷಗಳಾದುವು. ಟ್ರೈಲೋಬೈಟುಗಳಾದರೋ ಸುಮಾರು 52 ಕೋಟಿ ವರ್ಷಗಳ ಹಿಂದೆ ಕಡಲಿನಲ್ಲಿ ತಲೆದೋರಿ, 25 ಕೋಟಿ ವರ್ಷಗಳ ಹಿಂದೆ ನಿರ್ವಂಶವಾದುವು. ಏಡಿ, ಚೇಳು, ಜೇನ್ನೊಣಗಳಂತೆ ಇವೂ ಸಂಧಿಪದಿಗಳು. (ಸಂಧಿಯೆಂದೊಡನೆ ಲೋಪ, ಆಗಮ, ಆದೇಶಗಳನ್ನು ನೆನೆಯುವ ನನ್ನ ವಿದ್ಯಾರ್ಥಿಗಳು ಇಲ್ಲಿ ಕಾಲಿನ ಕೀಲುಗಳನ್ನು ನೆನೆಯಬೇಕು.) ಆದರೂ ಕನ್ನಡದ ಅಧ್ಯಾಪಕನೊಬ್ಬ ಇವುಗಳ ಮಾತೆತ್ತಲು ಕಾರಣವುಂಟು. ಇವುಗಳಿಗೆ ಹೆಸರಿಟ್ಟ, ಇಟ್ಟ ಹೆಸರನ್ನು ತಿದ್ದಿದ ಕಥೆ ನಮ್ಮ ಗ್ರಂಥಸಂಪಾದನೆಯ ಕಥೆಗೆ ತೀರ ಹತ್ತಿರದ್ದು.

ಕಾಶ್ಮೀರದ ಟ್ರೈಲೋಬೈಟುಗಳನ್ನು ರೀಡ್ ಎಂಬ ಆಂಗ್ಲ ವಿದ್ವಾಂಸರು 1934ರಲ್ಲಿ ವರ್ಣಿಸಿ, ಆಕಾರಭೇದವನ್ನು ಹಿಡಿದು ಹಲವು ಪ್ರಭೇದಗಳನ್ನು ಎಣಿಸಿದರು. 1992ರಲ್ಲಿ ಹ್ಯೂಸ್ ಮತ್ತು ಜೆಲ್ ಎಂಬಿಬ್ಬರು ಅವನ್ನೇ ಮರಳಿ ಪರೀಕ್ಷಿಸಿದರು. ಹಿಮಾಲಯವನ್ನು ಎತ್ತಿದ ಒತ್ತಡದಲ್ಲಿ ಬಂಡೆಯೊಡನೆ ಅದರೊಳಗಿನ ಚಿಪ್ಪೂ ಹಿಂಡಿಹೋಗಿರುತ್ತದೆ. ಬಂಡೆ ಜಗ್ಗಿದ ದಿಕ್ಕಿಗೆ ಉದ್ದವಾಗಿ ಮಲಗಿದ್ದುದು ನೀಳ, ಅಡ್ಡವಾಗಿ ಮಲಗಿದ್ದುದು ಅಗಲ, ಓರೆಯಾಗಿದ್ದುದು ಸೊಟ್ಟ. ಗಣಕದ ನೆರವಿನಿಂದ ಆ ವಿಕಾರವನ್ನು ಕಳೆದು ನೋಡಲು, ಬೇರೆಬೇರೆಯೆಂದು ತೋರಿದ ಹಲವು ಹೆಸರುಗಳು ಒಂದೇ ಜೀವಿಗೆ ಸಂದುವು. ಭೇದ ಪ್ರಾಣಿಯದಲ್ಲ, ಬಂಡೆಯದು! ಲಿಪಿಕಾರನ ಕೈ ಜಾರಿದ್ದನ್ನು ಕವಿಯ ಮಾತೆಂದು ತಿಳಿಯುವ ನಮಗೆ ಇದು ಹೊಸತಲ್ಲ.

ಹೀಗೆ ಹೆಸರುಗಳು ಕೂಡಿದಾಗ ಮೊದಲು ಇಟ್ಟುದು ನಿಲ್ಲುವುದು ಪ್ರಾಣಿಶಾಸ್ತ್ರದ ನಿಯಮ. ಬಿಟ್ಟ ಹೆಸರುಗಳೂ ಕಳೆದುಹೋಗುವುದಿಲ್ಲ; ಪರ್ಯಾಯನಾಮಗಳಾಗಿ ಪಟ್ಟಿಯಲ್ಲಿ ಉಳಿಯುತ್ತವೆ. ಪ್ರತಿಯೊಂದು ಹೆಸರೂ ಸಂಗ್ರಹಾಲಯದಲ್ಲಿಟ್ಟ ಒಂದು ಮಾದರಿಗೆ ಕಟ್ಟಿದ್ದು. ಆ ಮಾದರಿ ಇರುವುದರಿಂದಲೇ ಅರುವತ್ತು ವರ್ಷಗಳ ಮೇಲೆ ಬಂದವನು ಮೊದಲಿನವನೊಡನೆ ವಾದಿಸಬಲ್ಲ. ರೀಡರ ಮರ್ಯಾದೆಗೆ ಇದರಿಂದ ಕುಂದು ಬಂದಿತೆಂದು ಯಾರೂ ಗೋಳಾಡಿದಂತಿಲ್ಲ.

ಇನ್ನೊಂದು ನಿದರ್ಶನ ನಮ್ಮ ಕಾಡಿಗೆ ಹತ್ತಿರದ್ದು. ಭೀಮಬೇಟ್ಕಾದ ಗುಹೆಯೊಂದರಲ್ಲಿ, ಸಂಧಿಪದಿಗಳಿಗಿಂತಲೂ ಹಳೆಯದಾದ ಡಿಕಿನ್ಸೋನಿಯ ಎಂಬ ಜೀವಿಯ ಗುರುತು ಸಿಕ್ಕಿತೆಂದು 2021ರಲ್ಲಿ ರಿಟ್ಯಾಲಕ್ ಮತ್ತು ಸಂಗಡಿಗರು ಪ್ರಕಟಿಸಿದರು. 2023ರಲ್ಲಿ ಮೀರ್ಟ್ ಮತ್ತು ಸಂಗಡಿಗರು ಅದು ಹೆಜ್ಜೇನಿನ ಹಳೆಯ ಹುಟ್ಟಿನ ಅವಶೇಷವೆಂದು ತೋರಿಸಿದರು, ರಿಟ್ಯಾಲಕ್ ಒಪ್ಪಿಕೊಂಡರು. ತಲೆಮಾರುಗಳಿಂದ ಹೆಜ್ಜೇನು ಇಳಿಸುತ್ತ ಬಂದ ನಮ್ಮ ಸೋಲಿಗರಲ್ಲೊಬ್ಬರು ಜೊತೆಯಲ್ಲಿದ್ದರೆ ಎರಡು ವರ್ಷ ಉಳಿಯುತ್ತಿತ್ತೇನೋ!

ನಮ್ಮಲ್ಲಾದರೋ ಹಿರಿಯರು ಒಪ್ಪಿದ ಪಾಠವನ್ನು ಕಿರಿಯನು ಶಂಕಿಸಿದರೆ ಅದು ಉದ್ಧಟತನ. ಶಂಕೆಗೆ ಆಧಾರವಾಗಬೇಕಾದ ಓಲೆಗರಿಯಾದರೂ ಭದ್ರವಾಗಿದೆಯೇ ಎಂದರೆ, ಎಷ್ಟೋ ಮನೆಗಳ ಅಟ್ಟದಲ್ಲಿ ಅದು ಗೆದ್ದಲಿನ ಪಾಲು. ಗೆದ್ದಲೂ ಸಂಧಿಪದಿಯೇ! ಅಚ್ಚಾದ ಕಾವ್ಯದ ಅಡಿಯಲ್ಲಿ ಪಾಠಾಂತರಗಳನ್ನು ಕೊಟ್ಟಿದ್ದರೂ, ಪರೀಕ್ಷೆಗೆ ಬಾರದೆಂದು ವಿದ್ಯಾರ್ಥಿಗಳು ಆ ಸಾಲುಗಳನ್ನು ಹಾರಿಸುತ್ತಾರೆ. ನಾವೂ ಹಾರಿಸಿಯೇ ಪಾಠ ಹೇಳುತ್ತೇವೆ. ಬಿ.ಎ. ತರಗತಿಯ ಪ್ರಶ್ನಪತ್ರಿಕೆಯಲ್ಲಿ ಒಂದು ಪದ್ಯದ ಎರಡು ಪಾಠಗಳನ್ನು ಕೊಟ್ಟು, ಯಾವುದು ಕವಿಯದು, ಏಕೆ ಎಂದು ಕೇಳುವ ಒಂದು ಪ್ರಶ್ನೆಯಾದರೂ ಇರಲಿ ಎಂಬುದು ನನ್ನ ಬೇಡಿಕೆ.