ಮನೆಯೊಳಗೆ ಮಾತಾಡದವರು

ಈಚೆಗೆ ಓದಿ ಮುಗಿಸಿದ ನಾಲ್ಕು ಪುಸ್ತಕಗಳು ಒಂದರ ಪಕ್ಕ ಒಂದು ಬಂದು ಕೂತು ಮಾತಿಗೆ ತೊಡಗಿವೆ. ಯೋಜನೆ ಹಾಕಿಕೊಂಡು ಓದಿದ್ದಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಮುಗಿಸಿದೆ, ಅದು ಬಿಡಲಿಲ್ಲ. ಆಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಮತ್ತೆ ಕೈಗೆ ಬಂದವು. ಕೊನೆಗೆ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’. ನಾಲ್ಕೂ ಮನೆಯ ಕಥೆಗಳೇ. ನಾಲ್ಕರಲ್ಲೂ ಮಾತಾಡಬೇಕಾದ ಹೊತ್ತಿನಲ್ಲಿ ಯಾರೋ ಒಬ್ಬರು ಸುಮ್ಮನಿರುತ್ತಾರೆ. ಆದರೆ ಎಲ್ಲರ ಸುಮ್ಮನಿರುವಿಕೆಯೂ ಒಂದೇ ಅಲ್ಲ ಎಂಬುದು ಈ ಸಲದ ಓದಿನಲ್ಲಿ ನನಗೆ ದಕ್ಕಿದ್ದು.

2013ರಲ್ಲಿ ಬಂದ ‘ಘಾಚರ್ ಘೋಚರ್’ ತೀರಾ ಚಿಕ್ಕ ಪುಸ್ತಕ, ಒಂದೇ ಕೂತಲ್ಲಿ ಮುಗಿಯುತ್ತದೆ. ಇರುವೆ ಮುತ್ತುವ ಬಾಡಿಗೆ ಮನೆಯಲ್ಲಿ ಕಷ್ಟದಿಂದ ದಿನ ದೂಡುತ್ತಿದ್ದ ಬೆಂಗಳೂರಿನ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಏಕಾಏಕಿ ಶ್ರೀಮಂತವಾಗುತ್ತದೆ. ಕಥೆ ಹೇಳುವ ಮಗನಿಗೆ ಹೆಸರಿಲ್ಲ. ಕಂಪನಿಯಲ್ಲಿ ಹುದ್ದೆಯಿದೆ, ಸಂಬಳ ಬರುತ್ತದೆ, ಕೆಲಸವಿಲ್ಲ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವೆಂದು ಮಾಡಿ ತಂದ ಅಡುಗೆ ಅವಳ ಕೈಯಲ್ಲಿದೆ. ತಾಯಿ, ಸೋದರಿ ಇಬ್ಬರೂ ಬಾಯಿಗೆ ಬಂದಂತೆ ಬೈದು ಅವಳನ್ನು ಓಡಿಸುತ್ತಾರೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ಮಗ ನೋಡುತ್ತ ನಿಲ್ಲುತ್ತಾನೆ. ಹೊಸದಾಗಿ ಆ ಮನೆಗೆ ಬಂದ ಸೊಸೆ ಅನಿತಾಗೆ ಮಾತ್ರ ಇದು ತಡೆಯಲಾಗುವುದಿಲ್ಲ.

ಈ ಪುಟಗಳಲ್ಲಿ ನಾನು ಬಹಳ ಹೊತ್ತು ನಿಂತೆ. ನಮ್ಮ ಕಣ್ಣಿಗೆ ಆ ಮಗ ಕೆಟ್ಟವನೆನಿಸುವುದಿಲ್ಲ. ಮೃದು ಸ್ವಭಾವದವನು, ಸೂಕ್ಷ್ಮವಾಗಿ ಗಮನಿಸುವವನು. ತೊಂದರೆಯಾದಾಗ ಕಾಫಿ ಹೌಸಿಗೆ ಹೋಗಿ ಕೂತು ಅಲ್ಲಿನ ವೇಟರ್ ವಿನ್ಸೆಂಟನ ಮಾತಿನಲ್ಲಿ ಸಮಾಧಾನ ಹುಡುಕುವವನು. ಆದರೆ ಅವನು ಉಣ್ಣುವ ಅನ್ನವೇ ಅವನ ಬಾಯಿ ಕಟ್ಟಿದೆ. ಮನೆಗೆ ಹಣ ತರುವವನಿಗೆ ಬೇಸರವಾಗಕೂಡದು ಎಂಬ ಒಂದೇ ನಿಯಮಕ್ಕೆ ಅಷ್ಟು ಜನರ ನ್ಯಾಯಬುದ್ಧಿ ಒತ್ತೆ ಬಿದ್ದಿದೆ. ವ್ಯಾಪಾರದಲ್ಲಿ ಪಾಲಿರುವ, ನೇರ ನಡತೆಯ ಅಪ್ಪನನ್ನು ಕೂಡ ಅವರು ನೋಡಿಕೊಳ್ಳುವುದು ಆಸ್ತಿಯ ಭಯದಿಂದ. ಇಷ್ಟನ್ನೂ ಶಾನಭಾಗರು ದನಿ ಏರಿಸದೆ ಹೇಳುತ್ತಾರೆ. ಕೊನೆಯ ಪುಟದಲ್ಲಿ ಅನಿತಾಗೆ ಏನಾಗಿರಬಹುದು ಎಂಬ ಅನುಮಾನ ಎದ್ದಾಗ, ಇಷ್ಟು ಹೊತ್ತು ನಾವೂ ಈ ಸಭ್ಯ ಹುಡುಗನ ಪಕ್ಕದಲ್ಲೇ ಕೂತಿದ್ದೆವಲ್ಲ ಎಂದು ಎದೆ ನಡುಗುತ್ತದೆ. ಕಳೆದ ಹದಿನೈದು ವರ್ಷಗಳಲ್ಲಿ ಕನ್ನಡ ಮಧ್ಯಮ ವರ್ಗದ ಬಗ್ಗೆ ಇದಕ್ಕಿಂತ ನಿಷ್ಠುರವಾದ ಕಥನವನ್ನು ನಾನು ಓದಿಲ್ಲ.

ಆ ಮೌನ ಲಾಭ ಪಡೆದವನದು. ‘ಫಣಿಯಮ್ಮ’ನ ಮೌನ ಬೇರೆ ಜಾತಿಯದು. ಒಂಬತ್ತು ವರ್ಷಕ್ಕೆ ಮದುವೆ, ಅದರ ಬೆನ್ನಿಗೇ ವೈಧವ್ಯ. ಮೈನೆರೆದಾಗ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಾರೆ. ಮುಂದೆ 112 ವರ್ಷ ತುಂಬುವವರೆಗೆ ಮಲೆನಾಡಿನ ತುಂಬಿದ ಮನೆಯೊಂದರ ದುಡಿಮೆಯೆಲ್ಲ ಅವಳ ಮೈಮೇಲೆ. ತನ್ನ ಬಗ್ಗೆ ಒಂದು ಮಾತನ್ನೂ ಆಡದ ಈ ಹೆಣ್ಣು ಬೇರೆಯವರಿಗೆ ಸಂಕಟ ಬಂದಾಗ ಮಾತ್ರ ಕಟ್ಟು ಮೀರುತ್ತಾಳೆ. ಹೆರಿಗೆಯಲ್ಲಿ ಒದ್ದಾಡುತ್ತಿದ್ದ ಕೆಳಜಾತಿಯ ಹೆಣ್ಣಿಗೆ ಮಡಿ ಮರೆತು ತನ್ನ ಸಪೂರ ಕೈಯಿಂದ ನೆರವಾಗುತ್ತಾಳೆ. ತಲೆ ಬೋಳಿಸಿಕೊಳ್ಳಲಾರೆನೆಂದು ಹಟ ಹಿಡಿದ ಎಳೆಯ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ.

ಫಣಿಯಮ್ಮನ ಸಹನೆಯನ್ನು ನಾವು ಮೆಚ್ಚಿದ್ದು ಜಾಸ್ತಿಯಾಯಿತು. ಮಹಾತಾಯಿ, ತಪಸ್ವಿನಿ ಎಂದೆಲ್ಲ ಕೊಂಡಾಡಿದೆವು. ಇಂದಿರಾ ಅವರ ಬರವಣಿಗೆಯಲ್ಲೂ ಅಲ್ಲಲ್ಲಿ ಆ ಆರಾಧನೆ ಇಣುಕುತ್ತದೆ, ಅದು ಕಾದಂಬರಿಯ ಸಣ್ಣ ದೌರ್ಬಲ್ಯವೇ. ಆದರೆ ದಾಕ್ಷಾಯಿಣಿಯ ಪ್ರಸಂಗ ಬರೆದ ಲೇಖಕಿಗೆ ಸತ್ಯ ಗೊತ್ತಿತ್ತು. ಈ ಬಾಳು ಇನ್ನೊಬ್ಬಳಿಗೆ ಬೇಡ ಎಂದು ಅದನ್ನು ಪೂರ್ತಿ ಬಾಳಿದವಳೇ ಹೇಳುವಾಗ ಸಹನೆಯ ಸ್ತುತಿಗೆ ಅಲ್ಲಿ ಜಾಗವಿಲ್ಲ. ನಿಜವಾಗಿ ಬಾಳಿದ್ದ ಫಣಿಯಮ್ಮ ತನ್ನ ಕಥೆಯನ್ನು ಹೇಳಿದ್ದು ಇಂದಿರಾ ಅವರ ತಾಯಿಗೆ. ತಾಯಿಯಿಂದ ಅದು ಮಗಳಿಗೆ ಬಂತು. ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯತೊಡಗಿದ ಆ ಮಗಳು 1976ರಲ್ಲಿ ಅದನ್ನು ಪುಸ್ತಕ ಮಾಡಿದರು. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಈ ಕಥೆ ಒಂದು ಹೆಣ್ಣಿನಿಂದ ಇನ್ನೊಂದು ಹೆಣ್ಣಿಗೆ ದಾಟುತ್ತಲೇ ಬಂದಿದೆ.

‘ಮರಳಿ ಮಣ್ಣಿಗೆ’ಯನ್ನು ಮೂರು ತಲೆಮಾರಿನ ಗಂಡಸರ ಕಥೆಯೆಂದು ಹೇಳುವ ವಾಡಿಕೆ: ರಾಮ ಐತಾಳರು, ಮಗ ಲಚ್ಚ, ಮೊಮ್ಮಗ ರಾಮ. ಆದರೆ ಕೋಡಿಯ ಕಡಲ ತಡಿಯ ಆ ಮನೆಯನ್ನು ಹಿಡಿದು ನಿಲ್ಲಿಸಿದವರು ಪಾರ್ವತಿ, ಸರಸ್ವತಿ, ಲಚ್ಚನ ಹೆಂಡತಿ ನಾಗವೇಣಿ. ಐತಾಳರು ಪೌರೋಹಿತ್ಯಕ್ಕೆ ಹೊರಟರೆ ಗದ್ದೆಯ ಕೆಸರಿಗೆ ಇಳಿಯುವವರು ಹೆಂಡತಿ ಪಾರ್ವತಿ, ವಿಧವೆ ತಂಗಿ ಸರಸ್ವತಿ. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ತಂದ ಮೇಲೂ ಪಾರ್ವತಿಯ ಕೈ ನಿಲ್ಲುವುದಿಲ್ಲ. ಕಾರಂತರು ಅವಳ ದುಃಖವನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಅವಳು ಮಾಡುವ ಕೆಲಸವನ್ನೇ ತೋರಿಸುತ್ತ ಹೋಗುತ್ತಾರೆ. ಪುಸ್ತಕ ಇವತ್ತಿಗೂ ಹಳತಾಗದಿರುವುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ.

ಇನ್ನು ‘ಎದೆಯ ಹಣತೆ’. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಸಂಭ್ರಮಿಸಿದೆವು. ಸಂಭ್ರಮಿಸಿದವರೆಲ್ಲ ಕಥೆಗಳನ್ನು ಓದಲೂಬೇಕು. ‘ಎದೆಯ ಹಣತೆ’ಯ ಮೆಹರುನ್ ಬಾಯಿ ಬಿಟ್ಟು ಹೇಳಿದವಳು. ಗಂಡ ಕೈಬಿಟ್ಟನೆಂದು ಕೂಸನ್ನೆತ್ತಿಕೊಂಡು ತವರಿಗೆ ಬಂದು ಎಲ್ಲರೆದುರು ಹೇಳುತ್ತಾಳೆ. ಮನೆತನದ ಮಾನ ದೊಡ್ಡದೆಂದು ಅಣ್ಣತಮ್ಮಂದಿರು ಅವಳನ್ನು ಮತ್ತೆ ಅದೇ ಮನೆಗೆ ಬಿಟ್ಟು ಬರುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ತಡೆಯುವವಳು ಹಿರಿಮಗಳು ಸಲ್ಮಾ. ಹೆಣ್ಣುಮಕ್ಕಳು ಮಾತಾಡಬೇಕು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅವಳು ಮಾತಾಡಿದಳು, ಆ ಮಾತಿಗೆ ಕಿವಿಯಾಗಬೇಕಾದವರು ಅದನ್ನು ಅವಳ ಬಾಯಿಗೇ ತುರುಕಿ ಕಳಿಸಿದರು. ಆ ಅಣ್ಣತಮ್ಮಂದಿರು ಮತ್ತು ‘ಘಾಚರ್ ಘೋಚರ್’ನ ಮಗ, ಧರ್ಮ ಜಾತಿ ಯಾವುದಾದರೂ, ಹತ್ತಿರದ ನೆಂಟರು.

ಇವುಗಳಲ್ಲಿ ಒಂದನ್ನೇ ಓದಲು ನಿಮಗೆ ಬಿಡುವಿದ್ದರೆ ‘ಫಣಿಯಮ್ಮ’ ಓದಿ. ಓದಿದ ಮೇಲೆ ಮನೆಯ ಅಜ್ಜಿಯನ್ನೋ ಅತ್ತೆಯನ್ನೋ ಕೂರಿಸಿಕೊಂಡು, ಈವರೆಗೆ ಯಾರೂ ಕೇಳದೇ ಬಿಟ್ಟ ಪ್ರಶ್ನೆಗಳನ್ನು ಕೇಳಿ. ಅವರು ಒಪ್ಪಿದರೆ, ಅವರ ಮಾತಿನ ಧಾಟಿಯನ್ನು ತಿದ್ದದೆ ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅಂಥ ಬರಹಗಳಿಗೆ ಜಾಗ ಕಾದಿರಿಸುತ್ತೇವೆ.