ಗದ್ದಲ ಮಾಡದ ಹುಡುಗಿಯರ ಪರವಾಗಿ

ಜೇವರ್ಗಿ ತಾಲ್ಲೂಕಿನ ಶಾಲೆಯೊಂದರ ಪಾಲಕರ ಸಭೆಯಲ್ಲಿ, ಹೆಣ್ಣುಮಕ್ಕಳಲ್ಲೂ ಆಟಿಸಂ, ಎಡಿಎಚ್‌ಡಿ ಇರುತ್ತವೆ, ನಮ್ಮ ಕಣ್ಣಿಗೆ ಬೀಳುತ್ತಿಲ್ಲ ಅಂದೆ. ಎದ್ದು ನಿಂತು ಅಲ್ಲಗಳೆದವರೆಲ್ಲ ಮಕ್ಕಳ ಒಳಿತು ಬಯಸುವವರೇ. ಅದಕ್ಕೇ ಅವರ ಮಾತುಗಳಿಗೆ ಉತ್ತರ ಕೊಡಬೇಕು ಅನ್ನಿಸಿತು.

"ಇದು ಗಂಡುಹುಡುಗರ ತೊಂದ್ರಿ, ಲೆಕ್ಕ ನೋಡ್ರಿ" ಅಂದರು ಒಬ್ಬರು. ನೋಡಿದ್ದೇನೆ. 1943ರಲ್ಲಿ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಇದೆಯೆಂದು ವರ್ಣಿಸಿದ 11 ಮಕ್ಕಳಲ್ಲಿ 8 ಗಂಡು, 3 ಹೆಣ್ಣು. ಮರುವರ್ಷ ಹಾನ್ಸ್ ಆಸ್ಪರ್ಗರ್ ವಿವರವಾಗಿ ಬರೆದ ನಾಲ್ವರೂ ಹುಡುಗರು. ಅಂಥವರನ್ನು ನೋಡಿಯೇ ಲಕ್ಷಣಗಳ ಪಟ್ಟಿ ಬೆಳೆಯಿತು. ಆ ಪಟ್ಟಿ ಹಿಡಿದು ಹೊರಟವರಿಗೆ ಮತ್ತೆ ಹುಡುಗರೇ ಸಿಕ್ಕರು. 2017ರಲ್ಲಿ ಸಂಶೋಧಕರು 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಮೊದಲೇ ಆಟಿಸಂ ಎಂದು ಗೊತ್ತಾದವರನ್ನಷ್ಟೇ ಎಣಿಸಿದ ಕಡೆ ಒಬ್ಬ ಹುಡುಗಿಗೆ ಸುಮಾರು ನಾಲ್ಕೂವರೆ ಹುಡುಗರು. ಜನರ ನಡುವೆ ಹೋಗಿ ಹುಡುಕಿದ ಕಡೆ ಮೂರೂಕಾಲು. ಹುಡುಗರ ಸಂಖ್ಯೆ ಹೆಚ್ಚೆಂಬುದು ನಿಜ, ಒಪ್ಪುತ್ತೇನೆ. ಆದರೆ ಹುಡುಕಿದಾಗ ಮಾತ್ರ ಸಿಕ್ಕ ಆ ಹುಡುಗಿಯರು ಅಲ್ಲಿಯತನಕ ಎಲ್ಲಿದ್ದರು?

ನಮ್ಮ ತರಗತಿಗಳಲ್ಲೇ ಇರುತ್ತಾರೆ. "ಆ ಹುಡುಗಿ ಎಷ್ಟ್ ಶಾಂತ ಅದಾಳ್ರಿ, ಅಕ್ಷರ ಮುತ್ತಿನಂಗ ಅದಾವ, ಆಕಿಗೇನಾಗ್ಯಾದ?" ಅಂದ ಶಿಕ್ಷಕಿ ಹೇಳಿದ್ದು ಅಂಥವಳೊಬ್ಬಳ ಬಗ್ಗೆಯೇ. ಆರನೇ ತರಗತಿಯ ಆ ಹುಡುಗಿಯನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೆ. ಪಕ್ಕದ ಗೆಳತಿ ಪುಸ್ತಕ ತೆಗೆದರೆ ಇವಳೂ ತೆಗೆಯುತ್ತಾಳೆ. ಎಲ್ಲರೂ ನಕ್ಕಾಗ ಮೊದಲು ಗೆಳತಿಯ ಮುಖ ನೋಡಿ, ಆಮೇಲೆ ನಗುತ್ತಾಳೆ. ಊಟದ ಹೊತ್ತಿನ ತಟ್ಟೆಗಳ ಸದ್ದಿಗೆ ಬೆಂಚಿನ ಕೆಳಗೆ ಬೆರಳುಗಳನ್ನು ಬೆಳ್ಳಗಾಗುವಷ್ಟು ಹಿಸುಕಿಕೊಳ್ಳುತ್ತಾಳೆ. ಮುಖದಲ್ಲಿ ಮಾತ್ರ ಏನೂ ಕಾಣದು. ಅವಳ ತಾಯಿ ಅಂದದ್ದು: "ಸಾಲ್ಯಾಗ ಬಂಗಾರದಂಥ ಹುಡುಗಿ ಅಂತಾರ್ರಿ. ಮನಿಗಿ ಬಂದ್ರ ಜೋಳದ ಚೀಲದ ಹಿಂದ ಕುಂತು ಗ್ವಾಡಿಗಿ ತಲಿ ಬಡಕೋತಾಳ." ದೆವ್ವ ಬಡಿದಿದೆ ಎಂದು ಅವರು ಅವಳನ್ನು ದೇವಲ ಗಾಣಗಾಪುರಕ್ಕೂ ಕರೆದುಕೊಂಡು ಹೋಗಿ ಬಂದಿದ್ದರು. ಆ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಇಡೀ ದಿನ ಸುಮ್ಮನಿರಲು ಆ ಮಗು ಪಡುವ ಪಾಡನ್ನೇ ನಾವು ಒಳ್ಳೆಯ ಗುಣವೆಂದು ಹೊಗಳುತ್ತಿದ್ದೇವೆ.

ಗಮನ ನಿಲ್ಲದ, ಚಡಪಡಿಸುವ ಎಡಿಎಚ್‌ಡಿಯದೂ ಇದೇ ಕತೆ. ಹುಡುಗ ಬೆಂಚು ಹಾರುತ್ತಾನೆ, ದೂರು ಬರುತ್ತದೆ. ಹುಡುಗಿ ಕಿಟಕಿ ನೋಡುತ್ತ ಕೂರುತ್ತಾಳೆ; ಮನೆಯಲ್ಲಿ ನಲ್ಲಿ ಕೆಳಗಿಟ್ಟ ಕೊಡ ತುಂಬಿ ಹರಿದರೂ ಅವಳಿಗೆ ಅರಿವಿರದು. ಅವಳಿಗೆ ಸಿಗುವುದು "ಮಬ್ಬಿ" ಎಂಬ ಹೆಸರು.

"ಡಾಕ್ಟರ್ ಚೀಟಿ ಬಂದ್ರ ನಾಳೆ ಮದುವಿ ಹ್ಯಾಂಗ?" ಅಂದರು ಇನ್ನೊಬ್ಬರು. ಈ ಭಯ ಸುಳ್ಳಲ್ಲ, ಹೆತ್ತವರ ಎದೆಯೊಳಗಿನದು. ಆದರೆ ಮಬ್ಬಿ, ಹುಚ್ಚಿ, ಸೊಕ್ಕಿನಕಿ ಎಂಬ ಹೆಸರುಗಳು ಚೀಟಿ ಇಲ್ಲದೆಯೇ ಅಂಟಿವೆ, ಅವು ಗಂಡನ ಮನೆಗೂ ಹೋಗುತ್ತವೆ. ಚೀಟಿಯನ್ನಾದರೂ ಟ್ರಂಕಿನಲ್ಲಿಡಬಹುದು. ತನಗೇನಾಗಿದೆ ಎಂದೇ ತಿಳಿಯದೆ ಅತ್ತೆಮನೆ ಸೇರಿದವಳು ಎಲ್ಲ ತಪ್ಪೂ ತನ್ನದೇ ಎಂದು ನಂಬಿ ಕುಸಿಯುತ್ತಾಳೆ.

ಇದು ಮೊಬೈಲ್ ನೋಡಿ ಕಲಿತ ಪಟ್ಟಣದ ಕಾಯಿಲೆ ಎಂದವರಿಗೆ 1943 ಎಂಬ ಇಸವಿಯೇ ಸಾಕು.

ಕೊನೆಯ ಪ್ರಶ್ನೆಗೆ ಹೆಚ್ಚು ತೂಕವಿದೆ: "ಗೊತ್ತಾದ್ರೂ ಇಲ್ಲಿ ಏನ್ ಮಾಡೋದ್ರಿ?" ತಜ್ಞರಿಗಾಗಿ ಕಟ್ಟಿಸಂಗಾವಿ ಸೇತುವೆ ದಾಟಿ ಕಲಬುರಗಿಗೆ ಹೋಗಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಆದರೂ ದಾರಿಯೇ ಇಲ್ಲವೆಂದಲ್ಲ. ನಮ್ಮದೇ ಭಾಗದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗಗಳ ಚಿಕಿತ್ಸೆಯನ್ನು ಹಳ್ಳಿಗೆ ತಂದಿತ್ತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ, ಕಲಿಕಾ ನ್ಯೂನತೆ ಎರಡೂ ಇವೆ. ಎಡಿಎಚ್‌ಡಿ ಇಲ್ಲ, ಅದು ಅನ್ಯಾಯ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಈ ಮೂರೂ ಇವೆ. ಅದರ ತಂಡ ಸರ್ಕಾರಿ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕು.

ಆ ತಂಡದ ವಾಹನ ಬಂದಾಗ ಗದ್ದಲ ಮಾಡುವವರ ಹೆಸರಷ್ಟೇ ಕೊಟ್ಟು ಕಳಿಸಬೇಡಿ. ಸುಮ್ಮನೆ ಕೂರುವವಳ ತಾಯಿಯನ್ನೂ ಕರೆಸಿ, ಮನೆಗೆ ಬಂದ ಮೇಲೆ ಮಗಳು ಹೇಗಿರುತ್ತಾಳೆ ಎಂದು ಕೇಳಿ. ಆರನೇ ತರಗತಿಯ ಆ ಹುಡುಗಿಯ ತಾಯಿಯನ್ನು ನಾನು ಕೇಳುವತನಕ ಯಾರೂ ಕೇಳಿರಲಿಲ್ಲ.