ಮುಪ್ಪಿನಲ್ಲಿ ಹೊಸ ಕಣ್ಣು

ಬ್ಯಾಂಕಿನಲ್ಲಿ ಮೂವತ್ತು ವರ್ಷ ಸವಕಳಿ ಲೆಕ್ಕ ಹಾಕಿದವನು ನಾನು. ಹಳೇ ಯಂತ್ರದ ರಿಪೇರಿಗೆ ಸಾಲ ಕೇಳಿದವರಿಗೆ ನಾನು ಕೇಳೋದು ಒಂದೇ: ಇದು ಇನ್ನೆಷ್ಟು ವರ್ಷ ಓಡುತ್ತೆ? ನಮ್ಮ ನೌಕಾಪಡೆಯ ಸೀ ಹ್ಯಾರಿಯರ್ ಬಗ್ಗೆ ಈ ಪ್ರಶ್ನೆಯನ್ನು ಸಕಾಲದಲ್ಲಿ ಯಾರಾದರೂ ಕೇಳಿದ್ದರೇ ಸ್ವಾಮಿ?

ನಿಂತಲ್ಲೇ ಇಳಿಯಬಲ್ಲ ಈ ಯುದ್ಧವಿಮಾನ 1983ರಲ್ಲಿ ಗೋವಾಕ್ಕೆ ಬಂತು. ಬ್ರಿಟನ್ನಿನವರು 1993ರಲ್ಲೇ ತಮ್ಮದಕ್ಕೆ ಹೊಸ ರೇಡಾರ್, ದೂರ ಹೊಡೆಯುವ ಆಮ್ರಾಮ್ ಕ್ಷಿಪಣಿ ಹಾಕಿಕೊಂಡರು. 2006ರಲ್ಲಿ ಅವರು ಆ ವಿಮಾನಗಳನ್ನೇ ನಿವೃತ್ತಿಗೊಳಿಸಿದರು. ನಮ್ಮಲ್ಲಿ ಎಲ್ಟಾ ರೇಡಾರ್, ಡರ್ಬಿ ಕ್ಷಿಪಣಿ ಜೋಡಿಸುವ ಕೆಲಸ ಶುರುವಾಗಿದ್ದೇ ಆ ಹೊತ್ತಿಗೆ! ಕಣ್ಣು ಹೊಸದು, ಮೈ ಮಾತ್ರ ಹಳೇದು, ಎಂಜಿನ್ ಅದೇ ಪೆಗಾಸಸ್.

"ಕೆಲಸ ಮಾಡಿದ್ದು ಎಚ್‌ಎಎಲ್, ತಪ್ಪು ಅವರದೇ" ಅನ್ನೋರಿದ್ದಾರೆ. ಬೆಂಗಳೂರಿನ ಅಭಿಮಾನಕ್ಕೆ ಹೇಳ್ತಿಲ್ಲ, ಜೋಡಿಸಿದವರದ್ದಲ್ಲ ತಪ್ಪು, ಆದೇಶ ತಡ ಮಾಡಿದವರದ್ದು. ಅಷ್ಟರಲ್ಲಿ ಅಪಘಾತಗಳಲ್ಲಿ ವಿಮಾನಗಳೂ ಹೋದವು, ಪೈಲಟ್‌ಗಳೂ ಹೋದರು. ಆ ಜೀವಗಳನ್ನು ಯಾವ ಖಾತೆಗೆ ಬರೆಯೋಣ?

2016ರ ಮೇನಲ್ಲಿ ಹ್ಯಾರಿಯರ್‌ಗೆ ಗೋವಾದಲ್ಲೇ ವಿದಾಯ. ಮರುವರ್ಷ ಅದರ ಮನೆಯಾಗಿದ್ದ ವಿರಾಟ್ ಹಡಗಿಗೂ ನಮ್ಮ ಮುಂಬೈಯಲ್ಲಿ ಬೀಳ್ಕೊಡುಗೆ. ಹೊಸ ಕಣ್ಣಿಗೆ ಸಿಕ್ಕಿದ್ದು ಹತ್ತು ವರ್ಷವೂ ಇಲ್ಲ.

ಮೇಲ್ದರ್ಜೆಗೇರಿಸೋದು ನಡುವಯಸ್ಸಿನಲ್ಲಿ ಆಗಬೇಕು, ಮುಪ್ಪಿನಲ್ಲಲ್ಲ. ಏನಂತೀರಿ?